ಮತ್ಸ್ಯವಿನೋದ: ತುಂಗಭದ್ರೆಯ ಸೀಮೆಯಲ್ಲಿ ಗಾಳದ ಕಥೆ

ಹೊಳೆಯ ದಂಡೆಯಲ್ಲಿ ಗಾಳ ಹಿಡಿದು ಕುಳಿತವನನ್ನು ಕಂಡರೆ ನಮ್ಮ ಊರುಗಳಲ್ಲಿ ಎರಡು ಮಾತು ಕೇಳಿಬರುವುದುಂಟು. ಹೊಟ್ಟೆಪಾಡಿಗೆ ಕುಳಿತಿದ್ದಾನೆ ಎಂಬುದು ಒಂದು. ಮಾಡಲು ಬೇರೆ ಕೆಲಸವಿಲ್ಲದೆ ಕುಳಿತಿದ್ದಾನೆ ಎಂಬುದು ಇನ್ನೊಂದು. ಇದೂ ಒಂದು ವಿದ್ಯೆ, ಇದಕ್ಕೂ ಶಾಸ್ತ್ರವುಂಟು, ಅರಸರು ಇದನ್ನು ಮನಸ್ಸಿನ ಉಲ್ಲಾಸಕ್ಕಾಗಿ ಕಲಿಯುತ್ತಿದ್ದರು ಎಂದರೆ, ಅದೆಲ್ಲ ಪರದೇಶದ ಸಾಹೇಬರ ಷೋಕಿ ಎಂದು ಮಾತನ್ನು ಅಲ್ಲಿಗೇ ಮುಗಿಸಿಬಿಡುತ್ತೇವೆ. ಆದರೆ ಗಾಳದ ಆಟವನ್ನು ಕುರಿತು ಇಂಗ್ಲೆಂಡಿನಲ್ಲಿ ಮೊದಲ ಪುಸ್ತಕ ಅಚ್ಚಾಗುವುದಕ್ಕೆ ಮೂರೂವರೆ ಶತಮಾನಗಳಿಗೂ ಮೊದಲೇ ಕನ್ನಡ ನಾಡಿನ ಒಬ್ಬ ಚಕ್ರವರ್ತಿಯು ಅದಕ್ಕೊಂದು ಅಧ್ಯಾಯವನ್ನು ಮೀಸಲಿಟ್ಟಿದ್ದನು. ಇಂದಿನ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳು ಆತನ ಮನೆತನದ ಆಳ್ವಿಕೆಯ ನಡುನಾಡು. ಆ ಅಧ್ಯಾಯವನ್ನೂ, ಅದು ಹುಟ್ಟಿದ ನೆಲದ ಹೊಳೆಯನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಪಶ್ಚಿಮದ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುವುದು ಒಳ್ಳೆಯದು. ಯುರೋಪಿನ ಬೆಟ್ಟದ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನೊಂದುಂಟು. ಮೈತುಂಬ ಚುಕ್ಕೆ, ಚುರುಕು ಬಹಳ, ತಣ್ಣನೆಯ, ತಿಳಿಯಾದ, ಹರಿಯುವ ನೀರಿಲ್ಲದೆ ಅದು ಬಾಳದು. ಚಳಿಗಾಲ ಕಳೆದು ವಸಂತ ಬಂದಾಗ ಹಿಮ ಕರಗಿ ಹೊಳೆ ತುಂಬುತ್ತದೆ; ಬಿಸಿಲು ಏರಿದಂತೆ ನೀರಿನೊಳಗಿನ ಹುಳುಗಳು ರೆಕ್ಕೆ ಪಡೆದು ಮೇಲಕ್ಕೆ ಬರುತ್ತವೆ. ಟ್ರೌಟ್ ಮೀನು ಆ ನೊಣಗಳನ್ನು ಹಿಡಿಯಲು ನೀರಿನ ಮೇಲ್ಮೈಗೆ ಏಳುತ್ತದೆ. ನಿಜವಾದ ನೊಣವನ್ನು ಗಾಳಕ್ಕೆ ಚುಚ್ಚಿದರೆ ಅದು ಚೂರಾಗಿ ಹೋಗುವಷ್ಟು ಸೂಕ್ಷ್ಮ. ಆದಕಾರಣ ಗರಿ, ಉಣ್ಣೆ, ರೇಷ್ಮೆಯ ಎಳೆಗಳಿಂದ ನೊಣದ ರೂಪವನ್ನು ಕೊಕ್ಕೆಯ ಮೇಲೆ ಕಟ್ಟಿ, ಉದ್ದನೆಯ ಕೋಲಿನಿಂದ ದಾರವನ್ನು ಬೀಸಿ, ನೊಣ ಬಂದು ಕುಳಿತಂತೆ ನೀರಿನ ಮೇಲೆ ಇಳಿಸುತ್ತಾರೆ. ಆಂಗ್ಲರು ಇದನ್ನು ‘ಫ್ಲೈ ಫಿಷಿಂಗ್’ ಎನ್ನುತ್ತಾರೆ. ನಾವು ‘ನೊಣಗಾಳ’ ಎಂದು ಕರೆಯಬಹುದು.

ಇದು ಹಳೆಯ ವಿದ್ಯೆಯೇ ಸರಿ. ಕ್ರಿಸ್ತಶಕ ೨೦೦ರ ಆಸುಪಾಸಿನಲ್ಲಿದ್ದ ಈಲಿಯನ್ ಎಂಬ ರೋಮನ್ ಲೇಖಕನು ಮ್ಯಾಸಿಡೋನಿಯದ ಹೊಳೆಯೊಂದರ ಜನರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಸಿಕ್ಕಿಸಿ, ಆರಡಿ ಕೋಲಿನಿಂದ ಚುಕ್ಕೆಮೀನುಗಳನ್ನು ಹಿಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂಗ್ಲೆಂಡಿನಲ್ಲಿ ೧೪೯೬ರಲ್ಲಿ ಗಾಳದ ಬಗ್ಗೆ ಮೊದಲ ಪುಸ್ತಕ ಅಚ್ಚಾಯಿತು. ಯಾವ ತಿಂಗಳಿಗೆ ಯಾವ ನೊಣ ಎಂದು ಅದರಲ್ಲಿ ಹನ್ನೆರಡು ಬಗೆಯ ಕೃತಕ ನೊಣಗಳ ಪಟ್ಟಿಯಿದೆ. ೧೬೫೩ರಲ್ಲಿ ಐಸಾಕ್ ವಾಲ್ಟನ್ ಎಂಬಾತನು ಬರೆದ ಪುಸ್ತಕವು ಆ ಭಾಷೆಯಲ್ಲಿ ಇಂದಿಗೂ ಮತ್ತೆ ಮತ್ತೆ ಅಚ್ಚಾಗುವ ಗ್ರಂಥಗಳಲ್ಲಿ ಒಂದು. ಈ ಎಲ್ಲ ಬರಹಗಳ ತಿರುಳು ಒಂದೇ: ಮೀನು ಏನನ್ನು, ಯಾವಾಗ, ಎಲ್ಲಿ ತಿನ್ನುತ್ತದೆ ಎಂದು ಮೊದಲು ತಿಳಿ, ಆಮೇಲೆ ಕೋಲು ಹಿಡಿ.

ಈ ಟ್ರೌಟ್ ಮೀನನ್ನು ನಮ್ಮ ದೇಶಕ್ಕೂ ತಂದರು. ಕಾಶ್ಮೀರಕ್ಕೆ ೧೮೯೯ರಲ್ಲಿ ತರಿಸಿದ ಮೊಟ್ಟೆಗಳು ದಾರಿಯಲ್ಲೇ ಹಾಳಾದವು; ೧೯೦೦ರಲ್ಲಿ ಮತ್ತೆ ತಂದವು ಮರಿಯಾಗಿ ಅಲ್ಲಿನ ಹೊಳೆಗಳಲ್ಲಿ ನೆಲೆನಿಂತವು. ದಕ್ಷಿಣದಲ್ಲಿ ನೀಲಗಿರಿಯ ಅವಲಾಂಚೆಯಲ್ಲಿ ೧೯೦೭ರಲ್ಲಿ ಮರಿ ಮಾಡುವ ಕೇಂದ್ರ ಏರ್ಪಟ್ಟು, ಆ ಬೆಟ್ಟಗಳ ತಣ್ಣನೆಯ ತೊರೆಗಳಲ್ಲಿ ಟ್ರೌಟ್ ಬೆಳೆಯಿತು. ತುಂಗಭದ್ರೆಗೆ ಅದನ್ನು ತರುವ ಮಾತೇ ಇಲ್ಲ. ನೀರಿನ ಬಿಸಿ ೨೦ ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಟ್ರೌಟ್ ಸೊರಗತೊಡಗುತ್ತದೆ. ನಮ್ಮ ಸೀಮೆಯ ಬೇಸಿಗೆಯ ಬಿಸಿಲೋ ೪೦ ಡಿಗ್ರಿಯನ್ನು ಮುಟ್ಟುತ್ತದೆ.

ಋತುಮಾನವೂ ಇಲ್ಲಿ ಬೇರೆ. ಚೈತ್ರ ವೈಶಾಖಗಳಲ್ಲಿ ಚಳಿದೇಶದ ಹೊಳೆ ತುಂಬಿದರೆ ನಮ್ಮ ಹೊಳೆ ಬಡವಾಗುತ್ತದೆ. ಆನೆಗೊಂದಿಯ ಸುತ್ತಿನ ಬಂಡೆಗಳ ನಡುವೆ ನೀರು ಸೀಳಿ ಸೀಳಿ ಹರಿದು, ಆಳವಾದ ಮಡುಗಳಲ್ಲಿ ಮಾತ್ರ ನಿಲ್ಲುತ್ತದೆ. ಮೀನುಗಳೆಲ್ಲ ಆ ಮಡುಗಳನ್ನು ಸೇರುತ್ತವೆ. ಕುಷ್ಟಗಿ, ಯಲಬುರ್ಗಾಗಳ ಕಡೆ ಹಳ್ಳಗಳು ಒಣಗಿ, ಕೆರೆಯ ನಡುವಿನ ಕೆಸರಿನಲ್ಲಿ ಕೊರವ, ಚೇಳುಮೀನುಗಳು ದಿನ ನೂಕುತ್ತವೆ. ಮುಂಗಾರು ಬಿದ್ದು ಕೆಂಪನೆಯ ಹೊಸನೀರು ಇಳಿದಾಗಲೇ ನಮ್ಮ ಮೀನುಗಳಿಗೆ ನಿಜವಾದ ವಸಂತ. ಆಗ ಅವು ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಏರುತ್ತವೆ. ಮಲೆನಾಡಿನವರು ಇವನ್ನೇ ‘ಹತ್ತುಮೀನು’ ಎಂದು ಕರೆಯುವುದು. ಹೀಗೆ ನೀರು ಬೇರೆ, ಮೀನು ಬೇರೆ, ಋತು ಬೇರೆ. ಆದರೂ ವಿದ್ಯೆಯ ತಿರುಳು ಇಲ್ಲಿಯೂ ಅದೇ ಆಗಿತ್ತು ಎಂಬುದನ್ನು ನಮ್ಮ ಚಕ್ರವರ್ತಿಯ ಗ್ರಂಥ ತೋರಿಸಿಕೊಡುತ್ತದೆ.

ಆ ಚಕ್ರವರ್ತಿ ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ. ಐವತ್ತು ವರ್ಷ ಆಳಿದ ಆರನೆಯ ವಿಕ್ರಮಾದಿತ್ಯನ ಮಗ. ೧೧೨೬ರಲ್ಲಿ ಪಟ್ಟವೇರಿ ೧೧೩೮ರವರೆಗೆ ರಾಜ್ಯವಾಳಿದನು. ‘ಭೂಲೋಕಮಲ್ಲ’ ಎಂಬುದೊಂದು, ‘ಸರ್ವಜ್ಞ ಚಕ್ರವರ್ತಿ’ ಎಂಬುದೊಂದು ಆತನ ಬಿರುದು. ಆ ಮನೆತನಕ್ಕೂ ನಮ್ಮ ಸೀಮೆಗೂ ಇದ್ದ ನಂಟಿಗೆ ಕಲ್ಲುಗಳೇ ಸಾಕ್ಷಿ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ೧೧೧೨ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ಗುಡಿಯನ್ನು ಅಲ್ಲಿನ ಶಾಸನವು ದೇವಾಲಯಗಳ ಚಕ್ರವರ್ತಿಯೆಂದು ಕೊಂಡಾಡುತ್ತದೆ. ಆ ದಂಡನಾಯಕನು ಸೇವೆ ಮಾಡುತ್ತಿದ್ದುದು ಸೋಮೇಶ್ವರನ ತಂದೆಯ ಬಳಿಯಲ್ಲಿ. ಯಲಬುರ್ಗಾ ಊರಾದರೋ ಆಗ ಎರಂಬರಗೆಯೆಂಬ ಹೆಸರಿನಿಂದ, ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿಯಾಗಿ ಮೆರೆಯುತ್ತಿತ್ತು.

ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಗ್ರಂಥಕ್ಕೆ ‘ಮಾನಸೋಲ್ಲಾಸ’ ಎಂದೂ ‘ಅಭಿಲಷಿತಾರ್ಥ ಚಿಂತಾಮಣಿ’ ಎಂದೂ ಎರಡು ಹೆಸರು. ಗ್ರಂಥದ ಜ್ಯೋತಿಷದ ಭಾಗದಲ್ಲಿ ಗಣಿತಕ್ಕೆ ಆಧಾರವಾಗಿ ಶಕ ೧೦೫೧ರ ಚೈತ್ರ ಶುದ್ಧ ಪಾಡ್ಯವನ್ನು ಹಿಡಿದಿರುವುದರಿಂದ, ಅದು ೧೧೨೯ರ ವಸಂತದ ಆಚೀಚೆ ರಚಿತವಾಗುತ್ತಿತ್ತೆಂದು ತಿಳಿದುಬರುತ್ತದೆ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು; ಒಟ್ಟು ನೂರು ಅಧ್ಯಾಯ. ರಾಜ್ಯವನ್ನು ಗಳಿಸುವುದು ಹೇಗೆ, ಗಳಿಸಿದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂಬಲ್ಲಿಂದ ಹಿಡಿದು ಮನೆ, ಸ್ನಾನ, ಊಟ, ಸಂಗೀತ, ನೃತ್ಯ, ಆಟಪಾಟಗಳವರೆಗೆ ಆತನು ಬಿಟ್ಟ ವಿಷಯವಿಲ್ಲ. ನಮ್ಮ ಮನೆಗಳ ಇಡ್ಲಿ ದೋಸೆಗಳು ‘ಇಡ್ಡರಿಕಾ’, ‘ಧೋಸಕ’ ಎಂಬ ಸಂಸ್ಕೃತದ ಉಡುಪು ತೊಟ್ಟು ಕಾಣಿಸಿಕೊಳ್ಳುವುದೂ ಈ ಗ್ರಂಥದಲ್ಲಿಯೇ. ಅಂದರೆ ಗ್ರಂಥದ ಭಾಷೆ ಸಂಸ್ಕೃತವಾದರೂ ಅದರಲ್ಲಿರುವ ಬಾಳು ಈ ನೆಲದ್ದು.

ನಾಲ್ಕನೆಯ ವಿಂಶತಿಗೆ ವಿನೋದ ವಿಂಶತಿಯೆಂದು ಹೆಸರು. ಆನೆ ಕುದುರೆಗಳ ಓಟ, ಮಲ್ಲರ ಕಾಳಗ, ಕೋಳಿಯ ಅಂಕ, ಟಗರಿನ ಹೋರಾಟ, ನಾಯಿ, ಡೇಗೆಯ ಬೇಟೆ ಇವೆಲ್ಲ ಮುಗಿದ ಮೇಲೆ ಬರುವುದು ‘ಮತ್ಸ್ಯವಿನೋದ’. ಇದರಲ್ಲಿ ಸೋಮೇಶ್ವರನು ಮೊದಲು ಮೀನುಗಳನ್ನು ಪರಿಚಯಿಸುತ್ತಾನೆ. ಸುಮಾರು ಮೂವತ್ತೈದು ಬಗೆ. ಅವುಗಳನ್ನು ಕಡಲಿನವು, ಹೊಳೆಯವು ಎಂದು ಬೇರ್ಪಡಿಸುತ್ತಾನೆ. ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದು ವಿಂಗಡಿಸುತ್ತಾನೆ. ಹಿರಿಯವು, ನಡುತರದವು, ಕಿರಿಯವು ಎಂದು ಗಾತ್ರ ಹೇಳುತ್ತಾನೆ. ರೋಹಿತ, ಪಾಠೀನಗಳಂಥ ಹಳೆಯ ಹೆಸರುಗಳು ಅಲ್ಲಿವೆ. ಪಾಠೀನವೆಂದರೆ ಸಾವಿರ ಹಲ್ಲಿನದು ಎಂದು ಅಮರಕೋಶದ ಅರ್ಥ. ಬಾಯಗಲಿಸಿದರೆ ಹಲ್ಲಿನ ಸಾಲೇ ಸಾಲು ಕಾಣುವ ನಮ್ಮ ಬಾಳೆಮೀನೇ ಅದು ಎಂಬುದು ವಿದ್ವಾಂಸರ ಅಭಿಪ್ರಾಯ.

ಹೆಸರಾದ ಮೇಲೆ ಕೂಳು. ಯಾವ ಮೀನಿಗೆ ಯಾವ ಆಹಾರ ಎಂಬುದನ್ನು ಅರಸನು ಬೇರೆ ಬೇರೆಯಾಗಿ ಹೇಳುತ್ತಾನೆ. ಹಿಟ್ಟು, ಅನ್ನಗಳ ಉಂಡೆಗೆ ಬರುವ ಮೀನು ಬೇರೆ; ಮಾಂಸಕ್ಕೆ ಬರುವ ಮೀನು ಬೇರೆ. ಆಹಾರ ಹಾಕಿ ಮೀನನ್ನು ಪಳಗಿಸಿದ ಮೇಲೆಯೇ ಗಾಳದ ಮಾತು. ಅನಂತರ ದಾರ, ಕೋಲು, ಕೊಕ್ಕೆಗಳ ಲಕ್ಷಣ. ಕಡೆಗೆ ಹಿಡಿಯುವ ಕ್ರಮ. ಗಾಳಕ್ಕೆ ಸಿಕ್ಕ ದೊಡ್ಡ ಮೀನನ್ನು ಒಮ್ಮೆಲೇ ಜಗ್ಗಿದರೆ ದಾರ ತುಂಡಾಗುವುದು ಖಂಡಿತ. ಅದನ್ನು ಓಡಲು ಬಿಟ್ಟು, ತಡೆದು, ಮತ್ತೆ ಬಿಟ್ಟು, ದಣಿಸಿ ದಡಕ್ಕೆ ತರಬೇಕು. ವಿನೋದವೆಲ್ಲ ಅಡಗಿರುವುದು ಈ ಬಿಡುವುದು ಹಿಡಿಯುವುದರಲ್ಲಿಯೇ. ಬಲೆ ಬೀಸಿ ರಾಶಿ ಎಳೆಯುವವನಿಗೆ ಆ ಸುಖ ದೊರೆಯದು. ಹೊಟ್ಟೆಗಾಗಿ ಹಿಡಿಯುವವನಿಗೆ ಅದು ಬೇಕಾಗಿಯೂ ಇಲ್ಲ.

ಸೋಮೇಶ್ವರನ ಗಾಳದಲ್ಲಿ ಗರಿಯ ನೊಣವಿಲ್ಲ. ಅದು ಎರೆಯ ಗಾಳ. ಆದರೆ ಮ್ಯಾಸಿಡೋನಿಯದ ಹಳ್ಳಿಗನು ಕೆಂಪು ಉಣ್ಣೆ ಸುತ್ತುವ ಮೊದಲು ಏನನ್ನು ಗಮನಿಸಿದ್ದನೋ, ಕಲ್ಯಾಣದ ಅರಸನು ಹಿಟ್ಟಿನ ಉಂಡೆ ಕಟ್ಟಿಸುವ ಮೊದಲು ಗಮನಿಸಿದ್ದೂ ಅದನ್ನೇ. ಟ್ರೌಟ್ ನೊಣ ತಿನ್ನುವ ಮೀನು, ಅಲ್ಲಿ ನೊಣ ಬೇಕಾಯಿತು. ನಮ್ಮ ಹೊಳೆಯ ಹಿರಿಯ ಮೀನುಗಳು ಕಾಳು, ಹಣ್ಣು, ಪಾಚಿ, ಸಣ್ಣ ಮೀನು ತಿನ್ನುವಂಥವು, ಇಲ್ಲಿ ಉಂಡೆ ಬೇಕಾಯಿತು. ಎರಡೂ ಕಡೆ ಮೀನಿನ ರುಚಿಯೇ ಗುರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅರಮನೆಯ ಅರಸನಿಗೆ ಇಷ್ಟೆಲ್ಲ ಹೇಳಿಕೊಟ್ಟವರು ಯಾರು? ಹೊಳೆಯ ಮೇಲೆ ಬಾಳುವ ಜನರೇ ಇರಬೇಕೆಂಬುದರಲ್ಲಿ ಸಂದೇಹವಿಲ್ಲ. ಬೆಸ್ತರು, ಅಂಬಿಗರು, ಕಬ್ಬಲಿಗರು ಎಂದು ಊರೂರಿಗೆ ಬೇರೆ ಬೇರೆ ಹೆಸರಿನಿಂದ ಕರೆಸಿಕೊಳ್ಳುವ ಈ ಜನರಿಗೆ, ಮೀನು ಯಾವ ಮಡುವಿನಲ್ಲಿ ನಿಲ್ಲುತ್ತದೆ, ಯಾವ ಹೊತ್ತಿಗೆ ಬಾಯಿ ಹಾಕುತ್ತದೆ ಎಂಬುದು ಮಕ್ಕಳಿಗೆ ಬಾಯಿಪಾಠ. ಅವರ ಹೆಸರು ಗ್ರಂಥದಲ್ಲಿಲ್ಲ. ಆದರೆ ಅದೇ ಹನ್ನೆರಡನೆಯ ಶತಮಾನದಲ್ಲಿ, ಇದೇ ತುಂಗಭದ್ರೆಯ ಮೇಲ್ದಂಡೆಯ ಚೌಡದಾನಪುರದ ಅಂಬಿಗರ ಚೌಡಯ್ಯನು ದೋಣಿ ನಡೆಸುವವನ ಹೆಸರಿನಲ್ಲಿಯೇ ವಚನಗಳನ್ನು ನುಡಿದನು. ಅರಸನ ಸಂಸ್ಕೃತದಲ್ಲಿ ಮರೆಯಾದ ಹೊಳೆಯ ಜನ, ಶರಣರ ಕನ್ನಡದಲ್ಲಿ ತಮ್ಮ ದನಿಯನ್ನು ಕೇಳಿಸಿದರು.

ಆ ಜನರ ಹರಿಗೋಲನ್ನು ಪರದೇಶದವರೂ ಕಂಡು ಬೆರಗಾಗಿದ್ದಾರೆ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನು, ಜನರು ಬುಟ್ಟಿಯಂತೆ ದುಂಡಾದ, ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಕುಳಿತು ಆನೆಗೊಂದಿಗೆ ದಾಟುತ್ತಿದ್ದುದನ್ನು ಬರೆದಿದ್ದಾನೆ. ಇಂದಿಗೂ ಹೊಳೆಯ ಮೀನುಗಾರರು ಹರಿಗೋಲಿನಲ್ಲಿಯೇ ಬಲೆ ಹಾಕುತ್ತಾರೆ. ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಟಾರು ಬಂದಿದೆ. ಹೆಣಿಗೆಯ ಕ್ರಮ ಮಾತ್ರ ಹಳೆಯದೇ.

ಸೋಮೇಶ್ವರನ ಗ್ರಂಥ ಬಹುಕಾಲ ತಾಳೆಗರಿ, ಕಾಗದದ ಹಸ್ತಪ್ರತಿಗಳಲ್ಲಿಯೇ ಉಳಿದಿತ್ತು. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಶ್ರೀಗೊಂಡೇಕರರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ ೧೯೨೫ರಲ್ಲಿ ಹೊರಬಂದಿತು. ಮರುವರ್ಷವೇ ಮೈಸೂರು ವಿಶ್ವವಿದ್ಯಾನಿಲಯವು ‘ಅಭಿಲಷಿತಾರ್ಥ ಚಿಂತಾಮಣಿ’ಯ ಮೊದಲ ಭಾಗವನ್ನು ಪ್ರಕಟಿಸಿತು, ಅದನ್ನು ಸಂಪಾದಿಸಿದವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಕಾಣಿಸಿದ ಆರ್. ಶಾಮಶಾಸ್ತ್ರಿಗಳು. ಮತ್ಸ್ಯವಿನೋದದ ಬೆಲೆಯನ್ನು ಎತ್ತಿ ಹೇಳಿದವರು ಮಾತ್ರ ಸಂಸ್ಕೃತ ಪಂಡಿತರಲ್ಲ, ಒಬ್ಬ ಮತ್ಸ್ಯವಿಜ್ಞಾನಿ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಾಯವನ್ನು ಕುರಿತು ದೀರ್ಘ ಲೇಖನವೊಂದನ್ನು ಬರೆದರು. ಜೀವವಿಜ್ಞಾನಿಯೊಬ್ಬರು ಹಳೆಯ ಶ್ಲೋಕಗಳನ್ನು ಓದಿ, ಈ ಮಾತು ಹೊಳೆಯನ್ನು ಕಂಡವನದು ಎಂದು ಗುರುತಿಸುವುದು ಸಣ್ಣ ಸಂಗತಿಯಲ್ಲ.

ಮೀನಿನೊಡನೆ ನಮ್ಮ ಸೀಮೆಯ ನಂಟು ವಿನೋದವೊಂದರಿಂದಲೇ ಮುಗಿಯುವುದಿಲ್ಲ. ಬೇಡ ಎನ್ನುವ ದನಿಯೂ ಇಲ್ಲಿ ಅಷ್ಟೇ ಹಳೆಯದು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಕಿರುಶಾಸನಗಳಿರುವುದು ೧೯೩೧ರಲ್ಲಿ ಬೆಳಕಿಗೆ ಬಂದಿತು. ಇದೇ ಅಶೋಕನು ಉತ್ತರದಲ್ಲಿ ನಿಲ್ಲಿಸಿದ ಕಂಬಗಳ ಐದನೆಯ ಶಾಸನದಲ್ಲಿ, ಕೆಲವು ಜಾತಿಯ ಮೀನುಗಳನ್ನು ಕೊಲ್ಲಬಾರದೆಂದೂ, ಗೊತ್ತುಪಡಿಸಿದ ಹುಣ್ಣಿಮೆಗಳ ಆಚೀಚೆ ಮತ್ತು ಉಪವಾಸದ ದಿನಗಳಲ್ಲಿ ಯಾವ ಮೀನನ್ನೂ ಹಿಡಿಯಬಾರದು, ಮಾರಲೂ ಬಾರದೆಂದೂ ಕಟ್ಟಳೆ ಮಾಡಿದನು. ಮೀನಿಗೆ ಬಿಡುವಿನ ದಿನಗಳನ್ನು ಕೊಟ್ಟ ರಾಜಾಜ್ಞೆಗಳಲ್ಲಿ ಅಷ್ಟು ಹಳೆಯದು ನಮ್ಮ ದೇಶದಲ್ಲಿ ಬೇರೆ ಇಲ್ಲ. ಮುಂದೆ ಕೊಪ್ಪಳವು ಕೊಪಣವೆಂಬ ಹೆಸರಿನ ದೊಡ್ಡ ಜೈನ ತೀರ್ಥವಾಯಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳುಗನ್ನಡದ ನಾಡನ್ನು ಗುರುತಿಸುವಾಗ ಅದನ್ನು ಹೆಸರಿಸುತ್ತದೆ. ಒಂದು ಇರುವೆಗೂ ನೋವಾಗದಂತೆ ನಡೆಯಬೇಕೆಂದ ಮುನಿಗಳು ಅಲ್ಲಿ ನೆಲೆಸಿದ್ದರು.

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿಯ ಪಂಪಾ ಸರೋವರಕ್ಕೂ ಮೀನಿನ ನೆನಪುಂಟು. ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದಲ್ಲಿ ಕಬಂಧನು ರಾಮಲಕ್ಷ್ಮಣರಿಗೆ ಪಂಪೆಯ ದಾರಿಯನ್ನು ಹೇಳುವಾಗ ಅಲ್ಲಿನ ರೋಹಿತ, ವಕ್ರತುಂಡ, ನಲಮೀನಗಳನ್ನು ಹೆಸರಿಡಿದು ಬಣ್ಣಿಸುತ್ತಾನೆ. ಇತ್ತ ತುಂಗೆಯ ಮೂಲದ ಕಡೆಗೆ ನಡೆದರೆ, ಶೃಂಗೇರಿಯ ಮಠದೆದುರಿನ ಹೊಳೆಯಲ್ಲಿ ಮಹಸೀರ್ ಜಾತಿಯ ದೊಡ್ಡ ಮೀನುಗಳು ದೇವರ ಮೀನುಗಳಾಗಿ, ಯಾತ್ರಿಕರ ಕೈಯ ಅಕ್ಕಿ ಪುರಿಗಳನ್ನು ತಿಂದು ನಿರ್ಭಯವಾಗಿ ಈಜುತ್ತವೆ. ಒಂದೇ ನೀರು, ಮೇಲೆ ದೇವರ ಮೀನು, ಕೆಳಗೆ ಅರಸನ ವಿನೋದ, ಎಲ್ಲ ಕಡೆಯೂ ಬಡವನ ಅನ್ನ. ‘ತುಂಗಾ ಪಾನ, ಗಂಗಾ ಸ್ನಾನ’ ಎಂದು ಹೊಗಳುವ ನಾವು ಆ ನೀರಿನೊಳಗಣ ಈ ಮೂರು ಬಾಳುಗಳನ್ನೂ ನೆನೆಯಬೇಕು.

ಆಂಗ್ಲರ ಕಾಲದಲ್ಲಿ ಗಾಳದ ವಿನೋದಕ್ಕೆ ಹೊಸ ಮೆರುಗು ಬಂದಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಭಾರತದ ಗಾಳಗಾರಿಕೆಯನ್ನು ಕುರಿತು ಬರೆದ ಪುಸ್ತಕ ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ತಮ್ಮೂರಿನ ಟ್ರೌಟ್ ಇಲ್ಲದ ಕೊರತೆಯನ್ನು ಅವರು ಮಹಸೀರ್ ಮೀನಿನಿಂದ ತುಂಬಿಕೊಂಡರು. ಕಾವೇರಿಯಲ್ಲಿ ಈ ಮೀನಿಗೆ ಹಾಕುವ ಎರೆ ಯಾವುದು ಬಲ್ಲಿರಾ? ನಮ್ಮ ರಾಗಿಯ ಮುದ್ದೆ! ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ೧೯೪೬ರಲ್ಲಿ ಹಿಡಿದ ಮಹಸೀರ್ ೧೨೦ ಪೌಂಡ್, ಅಂದರೆ ಸುಮಾರು ೫೪ ಕಿಲೋ ತೂಗಿತು. ಪಶ್ಚಿಮದ ಕೋಲು, ಉಕ್ಕಿನ ಕೊಕ್ಕೆ ಬಂದರೂ ಕೊನೆಗೆ ಮೀನನ್ನು ಕರೆದದ್ದು ಹಿಟ್ಟಿನ ಉಂಡೆಯೇ ಎಂಬುದನ್ನು ಕೇಳಿದ್ದರೆ ಸೋಮೇಶ್ವರನು ತಲೆದೂಗುತ್ತಿದ್ದನು.

ಈಗ ನಮ್ಮ ಹೊಳೆಗೆ ಮರಳೋಣ. ೧೯೪೫ರಲ್ಲಿ ಮದರಾಸು ಮತ್ತು ಹೈದರಾಬಾದು ಸರ್ಕಾರಗಳು ಕೂಡಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟೆಯಿಂದ ೧೯೫೩ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಒಂದು ದಂಡೆಯಲ್ಲಿ ಹೊಸಪೇಟೆ, ಇನ್ನೊಂದು ದಂಡೆಯಲ್ಲಿ ಕೊಪ್ಪಳ ತಾಲ್ಲೂಕಿನ ಮುನಿರಾಬಾದು. ಬರವನ್ನೇ ಕಂಡಿದ್ದ ಗಂಗಾವತಿಯ ಸೀಮೆ ಎಡದಂಡೆ ಕಾಲುವೆಯಿಂದ ಭತ್ತದ ಕಣಜವಾಯಿತು. ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಮೀನಿನ ದೃಷ್ಟಿಯಿಂದ ನೋಡಿದರೆ ಮಾತ್ರ ಕಥೆ ಬೇರೆಯಾಗುತ್ತದೆ. ಮುಂಗಾರಿನ ಹೊಸನೀರಿಗೆ ಮೇಲಕ್ಕೆ ಏರುತ್ತಿದ್ದ ಮೀನಿಗೆ ಸುಮಾರು ೪೯ ಮೀಟರ್ ಎತ್ತರದ ಕಲ್ಲಿನ ಗೋಡೆ ಅಡ್ಡವಾಯಿತು. ಹರಿಯುವ ನೀರಿನ ಮೀನಿಗೆ ನಿಂತ ನೀರು ಒಗ್ಗದು. ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಮೀನಿಗೆ ಹೂಳಿನ ತಳ ಸಲ್ಲದು. ಅಣೆಕಟ್ಟೆಯ ವಿಶಾಲವಾದ ನೀರಿನಲ್ಲಿ ಗಂಗೆಯ ಕಡೆಯ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟು ಬೆಳೆಸಲಾಯಿತು. ಅವು ಬೇಗ ಬೆಳೆಯುವ, ಮಾರುಕಟ್ಟೆಗೆ ಒಳ್ಳೆಯ ಮೀನುಗಳು. ಸಾವಿರಾರು ಸಂಸಾರಗಳ ಊಟ ಅವುಗಳಿಂದ ನಡೆಯುತ್ತದೆ. ಆದರೆ ಸಂತೆಯ ಬುಟ್ಟಿಯಲ್ಲಿ ಅವೇ ತುಂಬಿದಂತೆಲ್ಲ ಹೊಳೆಯ ಹಳೆಯ ಮೀನುಗಳ ಹೆಸರು ಜನರ ನಾಲಗೆಯಿಂದ ಜಾರತೊಡಗುತ್ತದೆ.

ಇದಕ್ಕಿಂತ ಕೆಟ್ಟದ್ದು ಸಿಡಿಮದ್ದಿನ ಕೆಲಸ. ಮಡುವಿಗೆ ಸಿಡಿಮದ್ದು ಎಸೆದರೆ ಹಿರಿಯ ಮೀನಿನೊಡನೆ ಮರಿ, ಮೊಟ್ಟೆ, ಹುಳು ಎಲ್ಲವೂ ಒಂದೇ ಏಟಿಗೆ ಸಾಯುತ್ತವೆ. ೧೮೯೭ರ ಭಾರತೀಯ ಮೀನುಗಾರಿಕೆ ಅಧಿನಿಯಮವೇ ಸಿಡಿಮದ್ದನ್ನೂ ವಿಷವನ್ನೂ ನೀರಿಗೆ ಹಾಕುವುದನ್ನು ಶಿಕ್ಷಾರ್ಹವೆಂದು ಸಾರಿತ್ತು. ಕಟ್ಟಳೆ ಅಷ್ಟು ಹಳೆಯದಾದರೂ ಈ ಚಾಳಿ ಪೂರ್ತಿ ನಿಂತಿಲ್ಲ. ಗಾಳ ಹಾಕುವವನಿಗೆ ಮೀನಿನ ಗುಣ ಗೊತ್ತಿರಲೇಬೇಕು. ಸಿಡಿಮದ್ದು ಎಸೆಯುವವನಿಗೆ ಏನೂ ಗೊತ್ತಿರಬೇಕಾದ್ದಿಲ್ಲ. ವಿದ್ಯೆಗೂ ಅವಿದ್ಯೆಗೂ ಇರುವ ಅಂತರ ಇದೇ.

ಸಮಾಧಾನದ ಸಂಗತಿಯೂ ಒಂದುಂಟು. ೨೦೧೫ರಲ್ಲಿ ರಾಜ್ಯ ಸರ್ಕಾರವು ಕೊಪ್ಪಳ ತಾಲ್ಲೂಕಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು ೩೪ ಕಿಲೋಮೀಟರ್ ಹೊಳೆಯನ್ನು ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ನೀರುನಾಯಿಗೆ ಮೀನೇ ಆಹಾರ. ಬಲೆ ಹರಿಯುತ್ತದೆಂದು ಮೀನುಗಾರರಿಗೆ ಅದರ ಮೇಲೆ ಸಿಟ್ಟುಂಟು. ಆದರೆ ನೀರುನಾಯಿ ಬಾಳಿದೆಯೆಂದರೆ ಹೊಳೆಯಲ್ಲಿ ಮೀನು ಉಳಿದಿದೆ ಎಂದೇ ಅರ್ಥ. ಅದನ್ನು ಕಾಯುವ ನೆಪದಲ್ಲಿ ಮಡುಗಳೂ ಬಂಡೆಗಳೂ ಉಳಿದರೆ, ಅದರ ಲಾಭ ಮೊದಲು ಸಲ್ಲುವುದು ಹರಿಗೋಲಿನವನಿಗೇ.

ಸುಮಾರು ಒಂಬತ್ತುನೂರು ವರ್ಷಗಳ ಹಿಂದೆ ಚಕ್ರವರ್ತಿಯೊಬ್ಬನು ಹಿಡಿಯುವುದಕ್ಕೆ ಮೊದಲು ಹೆಸರು ಕೇಳಿದನು, ಹೆಸರಾದ ಮೇಲೆ ಅದರ ಊಟ ಕೇಳಿದನು, ಕೇಳಿದ್ದನ್ನು ಬರೆದಿಟ್ಟನು. ಆತನ ಪಟ್ಟಿಯಲ್ಲಿನ ಎಷ್ಟೋ ಮೀನುಗಳನ್ನು ಗುರುತಿಸಲು ಇಂದಿನ ಪಂಡಿತರು ಹೆಣಗಬೇಕಾಗಿದೆ. ಹೆಸರಿನ ಜೊತೆಗೆ ಮೀನನ್ನು ತೋರಿಸುವ ಬೆಸ್ತನು ಪಕ್ಕದಲ್ಲಿಲ್ಲದ್ದೇ ಅದಕ್ಕೆ ಕಾರಣ. ನಮಗೆ ಆ ತೊಡಕಿಲ್ಲ. ಹುಲಿಗಿಯ ಘಟ್ಟದಲ್ಲಿ, ಆನೆಗೊಂದಿಯ ದೋಣಿಗಡದಲ್ಲಿ, ಕುಷ್ಟಗಿ ಯಲಬುರ್ಗಾಗಳ ಕೆರೆಯ ಏರಿಗಳ ಮೇಲೆ, ಮೀನಿನ ಹೆಸರನ್ನೂ ಗುಣವನ್ನೂ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಬಾಳೆ, ಕೊರವ, ಹಾವುಮೀನು, ಚೇಳುಮೀನು ಎಂದು ಅವರು ಹೇಳುತ್ತ ಹೋದರೆ ನಮ್ಮ ಬೆರಳೆಣಿಕೆ ಸಾಲದು. ನಮ್ಮ ಶಾಲೆಗಳ ಉಪಾಧ್ಯಾಯರು ಮಕ್ಕಳನ್ನು ಕರೆದುಕೊಂಡು ಹೋಗಿ, ಒಂದೊಂದು ಊರಿನ ಮೀನುಗಳ ಹೆಸರು, ಅವು ಬರುವ ಕಾಲ, ತಿನ್ನುವ ಆಹಾರ ಇಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆಯಿಸಿದರೆ ಸಾಕು. ಸಂಸ್ಕೃತದ ಶ್ಲೋಕವೂ ಬೇಡ, ಅರಮನೆಯೂ ಬೇಡ. ಆ ಪುಸ್ತಕದಲ್ಲಿ ಹೇಳಿಕೊಟ್ಟವರ ಹೆಸರನ್ನೂ ಬರೆಯುವುದನ್ನು ಮಾತ್ರ ಮರೆಯಬಾರದು. ಸೋಮೇಶ್ವರನ ಮತ್ಸ್ಯವಿನೋದದಲ್ಲಿ ಬಿಟ್ಟುಹೋದದ್ದು ಅದೊಂದೇ.